ಮನೆ ಬಿಡಬೇಕೇ, ಬಿಟ್ಟರೆ ಎಲ್ಲಿಗೆ? ಹರಿಕೇನ್‌ಗೆ ಮುಂಚಿನ ಲೆಕ್ಕಾಚಾರ

ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನ ಕೆಲವು ಮನೆಗಳಲ್ಲಿ ಅಮೆರಿಕದ ಫ್ಲಾರಿಡಾ, ಟೆಕ್ಸಸ್ ರಾಜ್ಯಗಳ ನಕಾಶೆ ಬಾಯಿಪಾಠವಾಗಿಬಿಡುತ್ತದೆ. ಜಯನಗರದಲ್ಲೋ ರಾಜಾಜಿನಗರದಲ್ಲೋ ಇರುವ ಅಪ್ಪ ಅಮ್ಮನಿಗೆ ಟ್ಯಾಂಪಾ, ಒರ್ಲ್ಯಾಂಡೊ, ಹ್ಯೂಸ್ಟನ್ ಎಂದರೆ ಬರೀ ಊರುಗಳಲ್ಲ. ಮಗ ಸೊಸೆಯ, ಮಗಳು ಅಳಿಯನ ವಿಳಾಸಗಳು. ಟಿವಿಯಲ್ಲಿ ಹರಿಕೇನ್‌ನ, ಅಂದರೆ ಅಮೆರಿಕದ ಕಡೆಯ ಚಂಡಮಾರುತದ, ಬಿಳಿ ಸುಳಿ ತಿರುಗತೊಡಗಿದ ಕೂಡಲೇ ಫೋನ್ ಹೋಗುತ್ತದೆ. ಕೇಳುವ ಪ್ರಶ್ನೆಗಳು ಎರಡೇ: ಎಷ್ಟನೇ ಕ್ಯಾಟಗರಿ? ನಿಮ್ಮ ಊರಿಗೇ ಬರುತ್ತದೆಯೇ? ಆತಂಕ ಸಹಜ. ಆದರೆ ಮನೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಲು ಇವೆರಡರ ಉತ್ತರದಿಂದ ಆಗುವ ಪ್ರಯೋಜನ ಬಹಳ ಕಡಿಮೆ. ಕೇಳಬೇಕಾದದ್ದು ಬೇರೆ: ಮನೆ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ಅದನ್ನು ಯಾವುದರಿಂದ ಕಟ್ಟಿದ್ದಾರೆ, ಒಳಗೆ ಯಾರು ಯಾರಿದ್ದಾರೆ, ಮತ್ತು ಅಲ್ಲಿನ ಆಡಳಿತ ಆ ಜಾಗಕ್ಕೆ ತೆರವು ವಲಯದ ಯಾವ ಅಕ್ಷರ ಕೊಟ್ಟಿದೆ.

ಕ್ಯಾಟಗರಿ ಎನ್ನುವುದು ಗಾಳಿಯ ಲೆಕ್ಕ ಮಾತ್ರ. ಸ್ಯಾಫಿರ್–ಸಿಂಪ್ಸನ್ ಮಾಪಕದಲ್ಲಿ ಗಂಟೆಗೆ 119 ಕಿಲೋಮೀಟರ್ ವೇಗಕ್ಕೆ ಒಂದನೇ ಕ್ಯಾಟಗರಿ ಶುರುವಾಗುತ್ತದೆ; 252 ಮುಟ್ಟಿದರೆ ಐದನೆಯದು. ಕಡಲು ಎಷ್ಟು ಉಕ್ಕುತ್ತದೆ, ಮಳೆ ಎಷ್ಟು ಸುರಿಯುತ್ತದೆ, ಚಂಡಮಾರುತದ ಹರವು ಎಷ್ಟು ಎಂಬ ಯಾವ ಸಂಗತಿಯೂ ಆ ಅಂಕಿಯಲ್ಲಿ ಇಲ್ಲ. 2005ರ ಆಗಸ್ಟ್ 29ರಂದು ಲೂಸಿಯಾನಾಕ್ಕೆ ಅಪ್ಪಳಿಸುವ ಹೊತ್ತಿಗೆ ಕತ್ರಿನಾ ಚಂಡಮಾರುತ ಮೂರನೇ ಕ್ಯಾಟಗರಿಗೆ ಇಳಿದಿತ್ತು. ಆದರೂ ಪಕ್ಕದ ಮಿಸಿಸಿಪಿ ಕರಾವಳಿಯಲ್ಲಿ ನೀರು 27 ಅಡಿ ಮೀರಿ ಏರಿತು. 2008ರ ಐಕ್ ಎರಡನೇ ಕ್ಯಾಟಗರಿಯದು; ಟೆಕ್ಸಸ್‌ನ ಬೊಲಿವರ್ ಪರ್ಯಾಯದ್ವೀಪದಲ್ಲಿ ಸಾಲು ಸಾಲು ಮನೆಗಳನ್ನು ಕಂಬಗಳಷ್ಟೇ ಉಳಿಯುವಂತೆ ಗುಡಿಸಿಕೊಂಡು ಹೋಯಿತು. 2012ರ ಸ್ಯಾಂಡಿ ನ್ಯೂಜೆರ್ಸಿಯ ದಡ ಮುಟ್ಟಿದಾಗ ತಾಂತ್ರಿಕವಾಗಿ ಹರಿಕೇನ್ ಆಗಿಯೇ ಉಳಿದಿರಲಿಲ್ಲ. ನ್ಯೂಯಾರ್ಕಿನ ಸಬ್‌ವೇ ಸುರಂಗಗಳೊಳಗೆ ಸಮುದ್ರ ನುಗ್ಗಿತು. ‘ಸದ್ಯ, ಎರಡಕ್ಕೆ ಇಳಿದಿದೆಯಂತೆ’ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚುವವರಿಗೆ ಇದನ್ನು ಹೇಳುವುದು ಕಷ್ಟವೇ, ಆದರೂ ಹೇಳಬೇಕು.

1963ರಿಂದ 2012ರವರೆಗಿನ ಐವತ್ತು ವರ್ಷಗಳಲ್ಲಿ ಇಂಥ ಚಂಡಮಾರುತಗಳು ಅಮೆರಿಕದಲ್ಲಿ ನೇರವಾಗಿ ಬಲಿ ಪಡೆದವರನ್ನು ಎಣಿಸಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ಜನ ಉಕ್ಕಿಬಂದ ಕಡಲ ನೀರಿಗೆ ಸಿಕ್ಕಿ ಸತ್ತಿದ್ದರು. ಇನ್ನೊಂದು ಕಾಲು ಪಾಲು ಮಳೆಯ ಪ್ರವಾಹಕ್ಕೆ. ಗಾಳಿಯ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಟಿವಿಯವರಿಗೆ ಬೇಕಾದದ್ದು ಬಾಗಿದ ತಾಳೆಮರ ಮತ್ತು ಕೊಡೆ ಹಾರಿಹೋದ ವರದಿಗಾರ. ಹೀಗಾಗಿ ನಮಗೆ ಗಾಳಿಯೇ ದೊಡ್ಡದಾಗಿ ಕಾಣುತ್ತದೆ. ಫ್ಲಾರಿಡಾದ ವಿಪತ್ತು ನಿರ್ವಹಣೆಯವರು ಜನರಿಗೆ ಕಲಿಸುವುದು ಒಂದೇ ಮಾತು: ನೀರಿಗೆ ಹೆದರಿ ಓಡಿ, ಗಾಳಿಗೆ ಹೆದರಿ ಅಡಗಿ. ಓಡಬೇಕಾದವರು ಯಾರು, ಅಡಗಿ ಕೂರಬೇಕಾದವರು ಯಾರು ಎಂಬುದನ್ನು ಬೇರೆ ಮಾಡಿಕೊಂಡರೆ ಲೆಕ್ಕಾಚಾರದ ಮುಕ್ಕಾಲು ಪಾಲು ಮುಗಿದಂತೆ.

ಕಡಲು ಉಕ್ಕುವುದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತಟ್ಟೆಗೆ ಹುಯ್ದುಕೊಂಡ ಕಾಫಿಯನ್ನು ಜೋರಾಗಿ ಊದಿದರೆ ಅದು ಆಚೆ ಅಂಚಿನತ್ತ ಏರುತ್ತದಲ್ಲ, ಹಾಗೆ. ಚಂಡಮಾರುತದ ಗಾಳಿ ಗಂಟೆಗಟ್ಟಲೆ ಒಂದೇ ಕಡೆಗೆ ನೀರನ್ನು ತಳ್ಳುತ್ತದೆ. ಆಳ ಸಮುದ್ರದಲ್ಲಿ ಆ ನೀರು ಕೆಳಗಿಳಿದು ಹಿಂದಕ್ಕೆ ಹೋಗಲು ದಾರಿಯಿರುತ್ತದೆ. ದಡದ ಬಳಿ ಆಳವಿಲ್ಲದ ಕಡೆ ದಾರಿಯಿಲ್ಲ, ಮೇಲೇರಿ ಒಳನಾಡಿಗೆ ನುಗ್ಗುತ್ತದೆ. ಫ್ಲಾರಿಡಾದ ಪಶ್ಚಿಮ ಕರಾವಳಿಯಲ್ಲಿ ಕಡಲ ತಳ ಬಹುದೂರದವರೆಗೂ ಹಾಗೆಯೇ ಆಳವಿಲ್ಲದೆ ಚಾಚಿಕೊಂಡಿದೆ. ಒಡಿಶಾ, ಬಂಗಾಳದ ಮುಂದಿನ ಬಂಗಾಳ ಕೊಲ್ಲಿಯೂ ಹಾಗೆಯೇ. ಅದು ಸುನಾಮಿಯಂತೆ ಎದ್ದು ಬರುವ ಗೋಡೆಯಲ್ಲ. ಮೊದಲು ರಸ್ತೆಯ ಮೇಲೆ ಪಾದ ಮುಳುಗುವಷ್ಟು ನೀರು, ಸ್ವಲ್ಪ ಹೊತ್ತಿಗೆ ಮೊಣಕಾಲು, ಆಮೇಲೆ ಬಾಗಿಲು ತೆರೆಯಲಾಗದಷ್ಟು ಒತ್ತಡ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. ಅದರ ಬೆನ್ನಿಗೆ ಅಲೆಗಳೂ, ತೇಲಿಬರುವ ದೋಣಿ, ಕಾರು, ಮರದ ತೊಲೆಗಳೂ ಇರುತ್ತವೆ.

ಇಲ್ಲೊಂದು ವಿಚಿತ್ರವಿದೆ. ಉತ್ತರ ಗೋಳಾರ್ಧದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಆದ್ದರಿಂದ ಅದು ಸಾಗುವ ದಾರಿಯ ಬಲಗಡೆ ಗಾಳಿ ಕಡಲನ್ನು ದಡಕ್ಕೆ ತಳ್ಳಿದರೆ, ಎಡಗಡೆ ದಡದಿಂದ ಕಡಲಿನತ್ತ ಎಳೆಯುತ್ತದೆ. 2024ರ ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಟ್ಯಾಂಪಾ ಕೊಲ್ಲಿಗೆ ನೇರ ನುಗ್ಗುತ್ತದೆಂಬ ಭಯವಿತ್ತು. ಕೊನೆಗೆ ಅದು ದಕ್ಷಿಣಕ್ಕೆ ಸರಿದು ಸರಸೋಟಾ ಪಕ್ಕದ ಸಿಯೆಸ್ಟಾ ಕೀ ಬಳಿ ನೆಲ ಮುಟ್ಟಿತು. ಟ್ಯಾಂಪಾ ಎಡಗಡೆಗೆ ಬಂತು. ಕೊಲ್ಲಿಯ ನೀರು ಏರುವ ಬದಲು ಅಡಿಗಟ್ಟಲೆ ಹಿಂದೆ ಸರಿದು ತಳದ ಕೆಸರು ಕಾಣಿಸಿತು. ಹತ್ತಾರು ಕಿಲೋಮೀಟರ್ ವ್ಯತ್ಯಾಸ, ಅಷ್ಟೇ. ಊರು ಬಿಟ್ಟು ಹೋಗಿದ್ದವರನ್ನು ಬೆಂಗಳೂರಿನ ನೆಂಟರು ‘ಸುಮ್ಮನೆ ಓಡಿಹೋದಿರಿ’ ಎಂದು ಛೇಡಿಸಿದ್ದೂ ಉಂಟು. ನನಗೆ ಇದು ಒಪ್ಪಿತವಲ್ಲ. ಹೊರಡುವ ಹೊತ್ತಿನಲ್ಲಿ ಆ ಹತ್ತಾರು ಕಿಲೋಮೀಟರ್ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದೂ ಸಾಧ್ಯವಿರಲಿಲ್ಲ. ಅದೇ ದಿನ ಅಲ್ಲಿಂದ ದೂರ, ರಾಜ್ಯದ ಇನ್ನೊಂದು ಬದಿಯ ಸೇಂಟ್ ಲೂಸಿ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು), ಮಿಲ್ಟನ್ ಹುಟ್ಟಿಸಿದ ಸುಂಟರಗಾಳಿಗೆ ಆರು ಜನ ಸತ್ತರು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ತೋರಿಸಲು ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಶಂಕುವಿನಾಕಾರದ ಬಿಳಿ ಪಟ್ಟಿಯೊಂದನ್ನು ಬರೆಯುತ್ತದೆ. ಅದನ್ನು ತಪ್ಪಾಗಿ ಓದುವವರೇ ಹೆಚ್ಚು. ಪಟ್ಟಿ ಅಗಲವಾಗುತ್ತ ಹೋದಂತೆ ಚಂಡಮಾರುತ ದೊಡ್ಡದಾಗುತ್ತದೆ ಎಂದಲ್ಲ. ದಿನಗಳು ದೂರವಾದಂತೆ ಅಂದಾಜಿನ ಖಚಿತತೆ ಕಡಿಮೆಯಾಗುತ್ತದೆ ಎಂದು. ಹಿಂದಿನ ಐದು ವರ್ಷಗಳ ಅಂದಾಜು ಎಷ್ಟು ತಪ್ಪಿತ್ತು ಎಂಬುದರ ಮೇಲೆ ಅದರ ಅಗಲ ನಿಂತಿದೆ. ಚಂಡಮಾರುತದ ಕೇಂದ್ರ ಸುಮಾರು ಮೂರರಲ್ಲಿ ಎರಡು ಸಲ ಆ ಪಟ್ಟಿಯೊಳಗೆ ಉಳಿಯುತ್ತದೆ, ಮೂರರಲ್ಲಿ ಒಂದು ಸಲ ಹೊರಗೆ ಹೋಗುತ್ತದೆ. ಅದೂ ಚಂಡಮಾರುತದ ನಡುಬಿಂದುವಿನ ಮಾತು ಮಾತ್ರ. ಮಳೆ, ಗಾಳಿ, ಉಕ್ಕುವ ಕಡಲು ಪಟ್ಟಿಯ ಹೊರಗೂ ನೂರಾರು ಕಿಲೋಮೀಟರ್ ಹಬ್ಬಬಹುದು. 2022ರ ಇಯಾನ್ ಪ್ರಕರಣದಲ್ಲಿ ಎಲ್ಲರ ಕಣ್ಣು ನಡುವಿನ ಗೆರೆಯ ಮೇಲೆ, ಅಂದರೆ ಟ್ಯಾಂಪಾ ಮೇಲೆ ಇತ್ತು. ದಕ್ಷಿಣದ ಲೀ ಕೌಂಟಿ ಪಟ್ಟಿಯ ಅಂಚಿನಲ್ಲಿತ್ತು. ಅಲ್ಲಿ ಮನೆ ಬಿಡುವ ಆದೇಶ ಹೊರಟದ್ದು ಸೆಪ್ಟೆಂಬರ್ 27ರ ಬೆಳಿಗ್ಗೆ; ಮರುದಿನ ಮಧ್ಯಾಹ್ನ ಇಯಾನ್ ಅಲ್ಲಿಗೇ ಅಪ್ಪಳಿಸಿತು. ಫೋರ್ಟ್ ಮಯರ್ಸ್ ಬೀಚ್‌ನಲ್ಲಿ ನೀರು ಹತ್ತು ಅಡಿ ಮೀರಿತ್ತು.

ಹಾಗಾದರೆ ಕಾಯಬೇಕಾದದ್ದು ಯಾವುದಕ್ಕೆ? ಅಕ್ಷರಕ್ಕೆ. ಫ್ಲಾರಿಡಾದ ಕರಾವಳಿ ಕೌಂಟಿಗಳು ತಮ್ಮ ನೆಲವನ್ನು ಎ, ಬಿ, ಸಿ ಎಂದು ವಲಯಗಳಾಗಿ ಹಂಚಿವೆ. ಕಂಪ್ಯೂಟರಿನಲ್ಲಿ ಸಾವಿರಾರು ಕಾಲ್ಪನಿಕ ಚಂಡಮಾರುತಗಳನ್ನು ಬೇರೆ ಬೇರೆ ದಿಕ್ಕು, ವೇಗ, ಗಾತ್ರದಲ್ಲಿ ದಡಕ್ಕೆ ಹಾಯಿಸಿ, ಎಲ್ಲೆಲ್ಲಿ ನೀರು ಎಷ್ಟು ಏರುತ್ತದೆಂದು ನೋಡಿ ಮಾಡಿದ ಹಂಚಿಕೆ ಅದು. ಎ ವಲಯಕ್ಕೆ ಮೊದಲು ನೀರು ಬರುತ್ತದೆ, ಆದ್ದರಿಂದ ಅಲ್ಲಿಯವರಿಗೆ ಮೊದಲ ಆದೇಶ. ಕೌಂಟಿಯ ಜಾಲತಾಣದಲ್ಲಿ ವಿಳಾಸ ಹಾಕಿದರೆ ಅಕ್ಷರ ತಿಳಿಯುತ್ತದೆ. ಒಂದು ಎಚ್ಚರಿಕೆ: ಮನೆ ಸಾಲ, ವಿಮೆಯ ಕಾಗದಗಳಲ್ಲಿ ಬರುವ ಪ್ರವಾಹ ವಲಯ ಬೇರೆ, ಈ ತೆರವು ವಲಯ ಬೇರೆ. ‘ನಮ್ಮದು ವಿಮೆ ಕಡ್ಡಾಯವಿಲ್ಲದ ಜಾಗ, ಏನೂ ಆಗುವುದಿಲ್ಲ’ ಎನ್ನುವ ಅಳಿಯಂದಿರು ಒಂದನ್ನು ನೋಡಿ ಇನ್ನೊಂದರ ತೀರ್ಮಾನ ಮಾಡಿರುತ್ತಾರೆ.

ಆದೇಶ ಬರುವ ಹೊತ್ತಿಗೆ ಆಕಾಶ ಸಾಮಾನ್ಯವಾಗಿ ನೀಲಿಯಾಗಿಯೇ ಇರುತ್ತದೆ. ಇದೇ ದೊಡ್ಡ ತೊಡಕು. ಬಿರುಗಾಳಿ ತಲುಪುವ 48 ಗಂಟೆ ಮೊದಲು ಹರಿಕೇನ್ ಮುನ್ಸೂಚನೆ, 36 ಗಂಟೆ ಮೊದಲು ಎಚ್ಚರಿಕೆ ಹೊರಬೀಳುತ್ತದೆ. ಒಂದು ಕೌಂಟಿಯ ತಗ್ಗು ಪ್ರದೇಶವನ್ನೆಲ್ಲ ಖಾಲಿ ಮಾಡಿಸಲು ಎಷ್ಟು ಗಂಟೆ ಬೇಕು ಎಂಬ ಲೆಕ್ಕವನ್ನು ಅಧಿಕಾರಿಗಳು ಮೊದಲೇ ಮಾಡಿಟ್ಟಿರುತ್ತಾರೆ. ಅಷ್ಟು ಗಂಟೆ ಹಿಂದಕ್ಕೆ ಎಣಿಸಿದರೆ, ಚಂಡಮಾರುತದ ದಾರಿ ಇನ್ನೂ ನಿಚ್ಚಳವಾಗಿರದ ದಿನವೇ ಹೊರಡಿ ಎಂದು ಹೇಳಬೇಕಾಗುತ್ತದೆ. ಖಚಿತವಾಗುವವರೆಗೆ ಕಾದರೆ ಸೇತುವೆ ಮುಚ್ಚಿರುತ್ತದೆ. ಗಾಳಿ ಗಂಟೆಗೆ ಸುಮಾರು 65 ಕಿಲೋಮೀಟರ್ ದಾಟಿದರೆ ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳೂ ಸಾಮಾನ್ಯವಾಗಿ ರಸ್ತೆಗಿಳಿಯುವುದಿಲ್ಲ. ಕಡ್ಡಾಯ ಆದೇಶ ಎಂಬ ಹೆಸರಿದ್ದರೂ ಪೊಲೀಸರು ಬಂದು ಎಳೆದೊಯ್ಯುವುದಿಲ್ಲ. ‘ಇನ್ನು ಮೇಲೆ ಕೂಗಿದರೆ ನಾವು ಬರಲಾರೆವು’ ಎಂಬುದೇ ಅದರ ನಿಜವಾದ ಅರ್ಥ.

ಬೆಂಗಳೂರಿನಲ್ಲಿ ಕೂತು ಇದನ್ನು ಹಿಂಬಾಲಿಸುವವರಿಗೆ ಒಂದು ಉಪಯುಕ್ತ ವಿವರ. ಹರಿಕೇನ್ ಕೇಂದ್ರದ ಪೂರ್ಣ ಪ್ರಕಟಣೆಗಳು ಅಲ್ಲಿನ ಬೆಳಿಗ್ಗೆ 5 ಮತ್ತು 11ಕ್ಕೆ, ಸಂಜೆ 5 ಮತ್ತು ರಾತ್ರಿ 11ಕ್ಕೆ ಬರುತ್ತವೆ. ಬೇಸಿಗೆ ಸಮಯದ ಪ್ರಕಾರ ನಮಗೆ ಅದು ಮಧ್ಯಾಹ್ನ ಎರಡೂವರೆ, ರಾತ್ರಿ ಎಂಟೂವರೆ, ನಸುಕಿನ ಎರಡೂವರೆ, ಬೆಳಿಗ್ಗೆ ಎಂಟೂವರೆ. ನಡುವೆ ಸುದ್ದಿವಾಹಿನಿಗಳು ಕೂಗುವುದು ಬಹುಮಟ್ಟಿಗೆ ಹಳೆಯದನ್ನೇ. ರಾತ್ರಿ ಎಂಟೂವರೆಯದನ್ನು ಓದಿ ಮಲಗಬಹುದು; ಮಕ್ಕಳು ಪ್ಯಾಕ್ ಮಾಡುತ್ತಿರುವಾಗ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುವುದಕ್ಕಿಂತ ಇದು ಅವರಿಗೆ ಹೆಚ್ಚಿನ ಉಪಕಾರ.

ಅಕ್ಷರ ಹೇಳಿತು, ಹೊರಡಬೇಕು. ಎಲ್ಲಿಗೆ? ಎಲ್ಲರೂ ಎಡವುವುದು ಇಲ್ಲಿ. ನಮ್ಮ ಮನಸ್ಸಿಗೆ ದೂರ ಹೋದಷ್ಟೂ ಸುರಕ್ಷಿತ ಎನಿಸುತ್ತದೆ. ‘ಅಟ್ಲಾಂಟಾದಲ್ಲಿ ಚಿಕ್ಕಪ್ಪನ ಮಗನಿದ್ದಾನಲ್ಲ, ಅಲ್ಲಿಗೆ ಹೋಗಿಬಿಡಿ’ ಎಂದು ಬನಶಂಕರಿಯಿಂದ ಅಪ್ಪಣೆಯಾಗುತ್ತದೆ. 2005ರ ಸೆಪ್ಟೆಂಬರಿನಲ್ಲಿ, ಕತ್ರಿನಾ ಕಂಡು ನಡುಗಿದ್ದ ಹ್ಯೂಸ್ಟನ್ ಸುತ್ತಮುತ್ತಲ ಜನ ರೀಟಾ ಬರುತ್ತದೆಂದು ಒಟ್ಟಿಗೇ ರಸ್ತೆಗಿಳಿದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ. ಅವರಲ್ಲಿ ಎಷ್ಟೋ ಜನ ಹೊರಡಬೇಕಾದ ವಲಯದವರೇ ಅಲ್ಲ. ಸುಡುಬಿಸಿಲು, ನೂರಾರು ಕಿಲೋಮೀಟರ್ ಉದ್ದಕ್ಕೂ ನಿಂತ ವಾಹನಗಳು, ಖಾಲಿಯಾದ ಪೆಟ್ರೋಲ್ ಬಂಕ್‌ಗಳು. ಡಲ್ಲಾಸ್ ಸಮೀಪ ವೃದ್ಧಾಶ್ರಮದವರನ್ನು ಒಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿ 23 ಜನ ಸತ್ತರು. ಒಟ್ಟಾರೆ ಆ ತೆರವಿನಲ್ಲಿ ಸತ್ತವರು ಸುಮಾರು ನೂರು; ಚಂಡಮಾರುತ ನೇರವಾಗಿ ಕೊಂದವರಿಗಿಂತ ಎಷ್ಟೋ ಹೆಚ್ಚು. 2017ರಲ್ಲಿ ಹಾರ್ವೆ ಬಂದಾಗ ಹ್ಯೂಸ್ಟನ್ ನಗರ ಖಾಲಿ ಮಾಡಿ ಎಂದು ಮೇಯರ್ ಆದೇಶಿಸಲಿಲ್ಲ. ಮಳೆಯಿಂದ ಊರು ಮುಳುಗಿದ ಮೇಲೆ ಅದು ಸರಿಯೇ ತಪ್ಪೇ ಎಂಬ ಚರ್ಚೆ ನಡೆಯಿತು. ರೀಟಾದ ರಸ್ತೆಗಳನ್ನು ನೆನೆದರೆ ಅವರ ಕೈ ತಡೆದದ್ದು ಏಕೆಂದು ಅರ್ಥವಾಗುತ್ತದೆ. ಕಡಲ ನೀರು ಎಲ್ಲಿಯವರೆಗೆ ಬರುತ್ತದೆಂದು ಗೆರೆ ಎಳೆಯಬಹುದು. ಮಳೆಯ ನೀರಿಗೆ ಹಾಗೆ ಎಳೆಯಲು ಆಗುವುದಿಲ್ಲ.

ಅದೇ ವರ್ಷ ಇರ್ಮಾಕ್ಕಾಗಿ ಫ್ಲಾರಿಡಾದಲ್ಲಿ 65 ಲಕ್ಷಕ್ಕೂ ಹೆಚ್ಚು ಜನರಿಗೆ ಮನೆ ಬಿಡಲು ಹೇಳಲಾಯಿತು. ಮಯಾಮಿಯಿಂದ ಕೆಲವರು ಪಶ್ಚಿಮದ ಟ್ಯಾಂಪಾ ಕಡೆಗೆ ಓಡಿದರು. ಇರ್ಮಾ ದಿಕ್ಕು ಬದಲಿಸಿ ಪಶ್ಚಿಮದತ್ತಲೇ ಬಂತು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಫ್ಲಾರಿಡಾದ ದಡ ಮುಟ್ಟಿ ಒಳನಾಡಿಗೆ ಹೋಗಿ, ಕಡಲಿನಿಂದ ನೂರಾರು ಕಿಲೋಮೀಟರ್ ಆಚೆಯ, ಬೆಟ್ಟದ ಮೇಲಿನ ಆಶ್ವಿಲ್ ಊರನ್ನು ನದಿ ಪ್ರವಾಹದಲ್ಲಿ ಮುಳುಗಿಸಿತು. ನಾರ್ತ್ ಕೆರೊಲಿನಾ ರಾಜ್ಯವೊಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ದೂರವೂ ಎತ್ತರವೂ ತಾವಾಗಿಯೇ ರಕ್ಷಣೆಯಲ್ಲ. ಹೊಳೆಯ ದಂಡೆಯಲ್ಲಿ, ಕಣಿವೆಯ ತಳದಲ್ಲಿ ಹೋಟೆಲ್ ಹಿಡಿದರೆ ಬಾಣಲೆಯಿಂದ ಬೆಂಕಿಗೆ.

ನನ್ನ ಮಟ್ಟಿಗೆ ಉತ್ತಮವಾದ ಉತ್ತರ: ತೆರವು ವಲಯದ ಹೊರಗಿರುವ, ಗಟ್ಟಿ ಕಟ್ಟಡದ, ತಗ್ಗಿನಲ್ಲಿಲ್ಲದ, ಅತ್ಯಂತ ಹತ್ತಿರದ ಮನೆ. ಇಪ್ಪತ್ತು ಮೂವತ್ತು ಕಿಲೋಮೀಟರ್ ಸಾಕಾಗುವ ಸಂದರ್ಭಗಳೇ ಹೆಚ್ಚು. ಕನ್ನಡ ಕೂಟದ ದಸರಾ ಊಟದಲ್ಲಿ ಪರಿಚಯವಾದವರಲ್ಲಿ ಯಾರ ಮನೆ ಯಾವ ಅಕ್ಷರದ್ದು ಎಂದು ಮೊದಲೇ ಕೇಳಿಟ್ಟುಕೊಂಡವರಿಗೆ ಆ ದಿನ ಹೋಟೆಲ್ ಹುಡುಕುವ ಪಾಡು ಬರುವುದಿಲ್ಲ. ಯಾರೂ ಸಿಗದಿದ್ದರೆ ಕೌಂಟಿಯ ಆಶ್ರಯ ಕೇಂದ್ರ, ಬಹುಪಾಲು ಶಾಲೆಗಳೇ. ನಮ್ಮ ಕಾಳಜಿ ಕೇಂದ್ರಗಳಂತೆ ನೆಲದ ಮೇಲೆ ಮಲಗಬೇಕು, ಹೊದಿಕೆ ತಾವೇ ಒಯ್ಯಬೇಕು. ಕೊನೆಯ ಆಯ್ಕೆ ಹೌದು, ಆದರೆ ಎ ವಲಯದ ಮನೆಗಿಂತ ಮೇಲು.

ಅಕ್ಷರವೇ ಇಲ್ಲದ ಒಳಭಾಗದಲ್ಲಿ ಮನೆಯಿದ್ದರೆ? ಆಗ ಗಾಳಿಯ ಪ್ರಶ್ನೆ. ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸುವ ಮೊಬೈಲ್ ಹೋಮ್‌ಗಳಲ್ಲಿರುವವರು ಎಲ್ಲಿದ್ದರೂ ಹೊರಡಲೇಬೇಕು. ಸೇಂಟ್ ಲೂಸಿಯಲ್ಲಿ ಸತ್ತವರು ಇಂಥ ಮನೆಗಳವರು. 1992ರ ಆಂಡ್ರ್ಯೂ ದಕ್ಷಿಣ ಫ್ಲಾರಿಡಾವನ್ನು ಧ್ವಂಸ ಮಾಡಿದ ಮೇಲೆ ಕಟ್ಟಡ ನಿಯಮಗಳು ಬಿಗಿಯಾದವು, 2002ರಿಂದ ಇಡೀ ರಾಜ್ಯಕ್ಕೆ ಒಂದೇ ಸಂಹಿತೆ ಬಂತು. ಅದಾದ ಮೇಲೆ ಕಟ್ಟಿದ ಗಟ್ಟಿ ಮನೆಯಲ್ಲಿ, ಕಿಟಕಿಗಳಿಗೆ ಶಟರ್ ಹಾಕಿ, ಒಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರುವುದೇ ಸಾಮಾನ್ಯವಾಗಿ ಸರಿಯಾದ ನಿರ್ಧಾರ. ಸುಮ್ಮನೆ ರಸ್ತೆಗಿಳಿದರೆ ನಿಜವಾಗಿ ಓಡಬೇಕಾದವರ ದಾರಿಗೆ ಅಡ್ಡ. ಬಹುಮಹಡಿ ಕಟ್ಟಡದವರಿಗೆ ನೀರಿನ ಭಯ ಕಡಿಮೆ, ಆದರೆ ಮೇಲೆ ಹೋದಷ್ಟೂ ಗಾಳಿ ಜೋರು. ಲಿಫ್ಟ್ ನಿಂತರೆ, ಪಂಪ್ ಕೆಟ್ಟರೆ ಹದಿನೆಂಟನೇ ಮಹಡಿ ದ್ವೀಪವಾಗುತ್ತದೆ.

ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳಿಗೆ ಹೋದ ನಮ್ಮ ಅಜ್ಜಿ ತಾತಂದಿರು ಆ ಮನೆಯಲ್ಲಿದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಇನ್ಸುಲಿನ್‌ಗೆ ಫ್ರಿಜ್ ಬೇಕು, ಉಸಿರಾಟದ ಯಂತ್ರಕ್ಕೆ ವಿದ್ಯುತ್ ಬೇಕು. ಇರ್ಮಾ ಹೋದ ಮೇಲೆ ಫ್ಲಾರಿಡಾದ ಹಾಲಿವುಡ್ ನಗರದ ವೃದ್ಧಾಶ್ರಮವೊಂದರಲ್ಲಿ ಹವಾನಿಯಂತ್ರಣ ನಿಂತು, ಬಿಸಿಗೆ 12 ಜನ ಸತ್ತರು. ನೀರೂ ಅಲ್ಲ, ಗಾಳಿಯೂ ಅಲ್ಲ. ಮನೆ ಗಟ್ಟಿಯಿದ್ದರೂ ವಾರಗಟ್ಟಲೆ ಕರೆಂಟ್ ಇಲ್ಲದೆ ಬದುಕಲಾರದವರು ಮೊದಲೇ ಹೊರಡಬೇಕು. ವಿಶೇಷ ಆರೈಕೆಯ ಆಶ್ರಯ ಕೇಂದ್ರಗಳಿಗೆ ಮುಂಚೆಯೇ ನೋಂದಣಿ ಮಾಡಿಸುವ ವ್ಯವಸ್ಥೆಯಿದೆ. ಚೀಲದಲ್ಲಿ ಒಂದು ತಿಂಗಳ ಮಾತ್ರೆ, ವೈದ್ಯರ ಚೀಟಿ, ಎಲ್ಲರ ಪಾಸ್‌ಪೋರ್ಟ್, ವೀಸಾದ ಅನುಮೋದನೆ ಪತ್ರ, ನಗದು ಡಾಲರ್. ಎಲ್ಲವೂ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ. ಎಚ್-1ಬಿ ಮೇಲೆ ಇರುವವರಿಗೆ ಒದ್ದೆಯಾದ ಸೋಫಾಕ್ಕಿಂತ ಒದ್ದೆಯಾದ ಕಾಗದ ದೊಡ್ಡ ತಲೆನೋವು. ಹೊರಡುವ ಮೊದಲು ಪ್ರತಿ ಕೋಣೆಯನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ವಿಮೆಯವರೊಂದಿಗೆ ವಾದ ಕಡಿಮೆ.

ಭಾರತದಲ್ಲಿ ಈ ತೀರ್ಮಾನದ ಹೊರೆ ಕುಟುಂಬದ ಮೇಲೆ ಇಷ್ಟು ಬೀಳುವುದಿಲ್ಲ. 1999ರ ಅಕ್ಟೋಬರ್ 29ರ ಮಹಾಚಂಡಮಾರುತದಲ್ಲಿ ಒಡಿಶಾ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡಿತು. 2013ರ ಫೈಲಿನ್‌ಗೆ ಸುಮಾರು ಹತ್ತು ಲಕ್ಷ, 2019ರ ಮೇ 3ರ ಫೋನಿಗೆ ಸುಮಾರು ಹನ್ನೆರಡು ಲಕ್ಷ ಜನರನ್ನು ಸರ್ಕಾರವೇ ಊರೂರಿಗೆ ಹೋಗಿ ಎಬ್ಬಿಸಿ ಆಶ್ರಯ ಕಟ್ಟಡಗಳಿಗೆ ಸೇರಿಸಿತು. ಸಾವು ಎರಡಂಕಿಯಲ್ಲಿ ನಿಂತಿತು. ಅಲ್ಲಿಯೂ ಜನರನ್ನು ದೂರದ ನಗರಕ್ಕೆ ಸಾಗಿಸಲಿಲ್ಲ, ಹತ್ತಿರದ ಎತ್ತರದ ಗಟ್ಟಿ ಕಟ್ಟಡಕ್ಕೆ ಸಾಗಿಸಿದರು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಸವರಿಕೊಂಡು ಗುಜರಾತಿಗೆ ಹೋದಾಗ ಉಳ್ಳಾಲ, ಸೋಮೇಶ್ವರದಲ್ಲಿ ಕಡಲ್ಕೊರೆತಕ್ಕೆ ಮನೆಗಳು ಬಲಿಯಾದದ್ದನ್ನು ಕಂಡವರಿಗೆ, ದಡದಿಂದ ಕೆಲವು ನೂರು ಮೀಟರ್ ಒಳಗಿರುವುದರ ಬೆಲೆ ಗೊತ್ತು.

ಬೆಂಗಳೂರಿನ ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ನಿಶ್ಚಿಂತರಾಗಿ ಕೂತು ಇದನ್ನೆಲ್ಲ ಉಪದೇಶ ಮಾಡುತ್ತೇವೆ. ಮಿಲ್ಟನ್ ಹೋಗಿ ಎರಡು ವಾರ ಕಳೆಯುವಷ್ಟರಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. 2022ರಲ್ಲಿ ಬೆಳ್ಳಂದೂರು ಕಡೆ ಟ್ರ್ಯಾಕ್ಟರಿನ ಮೇಲೆ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು ಹೋದವರನ್ನು ಇಡೀ ದೇಶ ನೋಡಿತು. ಕೆರೆ ಕೋಡಿ ಬಿದ್ದರೆ ನೀರು ಯಾವ ರಾಜಕಾಲುವೆ ಹಿಡಿದು ಯಾವ ಬಡಾವಣೆಗೆ ಬರುತ್ತದೆಂದು ಇಲ್ಲಿಯ ಮನೆಗೂ ಒಂದು ಅಕ್ಷರ ಕೊಟ್ಟಿದ್ದರೆ ಚೆನ್ನಾಗಿತ್ತು. ಸದ್ಯಕ್ಕೆ ಆ ಮಾಹಿತಿ ಸಿಗುವುದು ಪಕ್ಕದ ರಸ್ತೆಯ ಹಳೆಯ ಕಿರಾಣಿ ಅಂಗಡಿಯವರ ಬಳಿ.

ಚಂಡಮಾರುತ ದಾಟಿದ ಮೇಲಿನ ಒಂದೆರಡು ದಿನ ಫೋನ್ ಸಿಗದಿರಬಹುದು. ಟವರ್‌ಗಳು ಬಿದ್ದಿರುತ್ತವೆ, ಉಳಿದವುಗಳ ಮೇಲೆ ಒತ್ತಡ ಹೆಚ್ಚು. ಕರೆ ಹೋಗದ ಕಡೆ ಸಂದೇಶ ಹೋಗುತ್ತದೆ, ಆದ್ದರಿಂದ ಅಲ್ಲಿಂದ ಒಂದು ಸಂದೇಶ ಒಬ್ಬರಿಗೆ ಬಂದರೆ ಅವರು ಉಳಿದ ನೆಂಟರಿಷ್ಟರಿಗೆಲ್ಲ ತಿಳಿಸುವ ಏರ್ಪಾಡು ಮೊದಲೇ ಆಗಿರಲಿ. ಮನೆಗೆ ಮರಳುವ ಆತುರವೂ ಬೇಡ: ನಿಂತ ನೀರಿನಲ್ಲಿ ತುಂಡಾದ ವಿದ್ಯುತ್ ತಂತಿ ಇರಬಹುದು, ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು. 2020ರ ಲಾರಾ ಚಂಡಮಾರುತದಲ್ಲಿ ಲೂಸಿಯಾನಾದ ಸಾವುಗಳಿಗೆ ಮುಖ್ಯ ಕಾರಣ ಉಕ್ಕಿದ ಕಡಲಾಗಿರಲಿಲ್ಲ, ಜನರೇಟರ್‌ಗಳ ವಿಷಾನಿಲ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲಿದ್ದವರನ್ನು ನಿದ್ದೆಯಲ್ಲೇ ಕೊಂದಿತು. ‘ಜನರೇಟರ್ ಗ್ಯಾರೇಜಿನಲ್ಲಿದೆ, ಬಾಗಿಲು ತೆರೆದೇ ಇಟ್ಟಿದ್ದೇವೆ ಅಮ್ಮ’ ಎಂದು ಮಗ ಹೇಳಿದರೆ, ಅದನ್ನು ಆ ಕ್ಷಣವೇ ಅಂಗಳಕ್ಕೆ, ಕಿಟಕಿ ಬಾಗಿಲುಗಳಿಂದ ಇಪ್ಪತ್ತು ಅಡಿ ಆಚೆಗೆ ಎಳೆಸಿ. ಊಟವಾಯಿತೇ ಎಂದು ಆಮೇಲೆ ಕೇಳಿ.